ಹರಿದವರಿಗೆ ಕೇಡು ಎಂದ ಕಾಗದ

ಹೊಳೆನರಸೀಪುರದಲ್ಲಿ ಕಾಗದಕ್ಕೆ ಎರಡು ಜನ್ಮ. ಮೊದಲನೆಯದು ಪೇಟೆ ಬೀದಿಯಲ್ಲಿದ್ದ ನನ್ನ ಚಿಕ್ಕಪ್ಪನ ಪ್ರೆಸ್ಸಿನಲ್ಲಿ ಆಗುತ್ತಿತ್ತು. ಲಗ್ನಪತ್ರಿಕೆ, ತಿಥಿಯ ಕಾರ್ಡು, ಬಟ್ಟೆ ಅಂಗಡಿಯ ಬಿಲ್ ಬುಕ್ಕು, ಸಿನಿಮಾದ ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ಲು, ಅಕ್ಕಿ ಗಿರಣಿಯ ಚೀಟಿ, ಶಾಲೆಯ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ. ಎರಡನೆಯ ಜನ್ಮ ಊರಿನ ಅಂಗಡಿಗಳಲ್ಲಿ. ಹಂಚಿ ಮಿಕ್ಕಿದ್ದು, ಅಚ್ಚು ಕೆಟ್ಟದ್ದು, ತಾರೀಖು ದಾಟಿದ್ದು ಎಲ್ಲ ಪೊಟ್ಟಣವಾಗಿ ಮತ್ತೆ ನಮ್ಮ ಕೈಗೇ ಬರುತ್ತಿತ್ತು. ಕಡಲೆಕಾಯಿ ತಿಂದು ಮುಗಿಸುವ ಹೊತ್ತಿಗೆ ಯಾರದೋ ಮದುವೆಯ ಮುಹೂರ್ತ ಗೊತ್ತಾಗಿರುತ್ತಿತ್ತು. ವಡೆಯ ಎಣ್ಣೆಯಲ್ಲಿ ನೆಂದ ಪ್ರಶ್ನೆಪತ್ರಿಕೆಯಲ್ಲಿ, ಹೋದ ವರ್ಷ ನಾನೇ ತಪ್ಪು ಉತ್ತರ ಬರೆದು ಬಂದಿದ್ದ ಪ್ರಶ್ನೆ ಕಾಣುತ್ತಿತ್ತು.

ಎರಡನೆಯ ಜನ್ಮವೇ ಹೆಚ್ಚು ಪ್ರಾಮಾಣಿಕವಾದದ್ದು ಎಂಬುದು ಆಗಿನ ನನ್ನ ವಾದ. ಯಾಕೆಂದರೆ ಮೊದಲನೆಯದರಲ್ಲಿ ಅಚ್ಚಾದ ಸಾಲನ್ನು ಯಾರೂ ಪಾಲಿಸುತ್ತಿರಲಿಲ್ಲ. 'ಮಾರಿದ ಸರಕನ್ನು ವಾಪಸು ಪಡೆಯುವುದಿಲ್ಲ' ಎಂದು ಬಿಲ್ಲಿನ ಬುಡದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿಕೊಂಡ ಬಟ್ಟೆ ಅಂಗಡಿಯವರೇ, 'ಬಣ್ಣ ಒಪ್ಪಲಿಲ್ವಾ, ತಗೊಂಬಾಮ್ಮ ಬೇರೆ ಕೊಡಾಣ' ಎನ್ನುತ್ತಿದ್ದರು. 'ಆಶೀರ್ವಾದವೇ ಉಡುಗೊರೆ' ಎಂದು ಲಗ್ನಪತ್ರಿಕೆಯಲ್ಲಿ ಹಾಕಿಸಿದ ಮನೆಯ ಛತ್ರದ ಬಾಗಿಲಲ್ಲೇ ಮುಯ್ಯಿ ಬರೆಯುವವರು ಪೆನ್ನು ಹಿಡಿದು ಕೂತಿರುತ್ತಿದ್ದರು. ಅಚ್ಚಾದದ್ದು ಒಂದು, ಊರು ನಡೆಯುವುದು ಒಂದು. ಇದು ಎಲ್ಲರಿಗೂ ಗೊತ್ತಿದೆ, ಆದ್ದರಿಂದ ಅಚ್ಚಿಗೆ ಯಾರೂ ಹೆದರುವುದಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ತೀರ್ಮಾನದ ಮೊದಲರ್ಧ ಸರಿಯಾಗಿತ್ತು.

ಹೊಸ ಶತಮಾನ ಬಂದು ಒಂದೆರಡು ವರ್ಷ ಆಗಿತ್ತು. ನಾನು ಮೊದಲ ಪಿಯುಸಿ ಮುಗಿಸಿ ಬೇಸಿಗೆ ರಜೆಯಲ್ಲಿದ್ದೆ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಚರ್ಚಾಸ್ಪರ್ಧೆಗಳಲ್ಲಿ ನಿಂತು ಬಾಯಿ ಪಳಗಿತ್ತು. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ. ಚೀಟಿ ಎತ್ತಿ ಐದು ನಿಮಿಷ ಕೊಟ್ಟರೆ ಸೂರ್ಯ ಮೂಡುವುದಕ್ಕೂ ಮೂಡದಿರುವುದಕ್ಕೂ ಮೂರು ಮೂರು ಕಾರಣ ಕೊಡುತ್ತಿದ್ದೆ. ಅಮ್ಮ ಹಳೇಕೋಟೆಯ ಶಾಲೆಯಲ್ಲಿ ಮೇಡಂ. ಆ ವರ್ಷ ರಜೆಯಲ್ಲೂ ಏನೋ ಗಣತಿಯ ಕೆಲಸವೆಂದು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಮನೆಯಲ್ಲಿ ನನ್ನ ಬಾಯಿಗೆ ಎದುರಾಳಿ ಇಲ್ಲದ್ದರಿಂದ ನಾನು ಪ್ರೆಸ್ಸಿಗೆ ಹೋಗಿ ಕೂರುತ್ತಿದ್ದೆ.

ಹಾಸನದಲ್ಲಿ ಆಗಲೇ ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸಿ ಬಣ್ಣಬಣ್ಣದಲ್ಲಿ ಹೊಡೆದುಕೊಡುತ್ತಿದ್ದರು. ಚಿಕ್ಕಪ್ಪ ಮಾತ್ರ ಇನ್ನೂ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆರಿಸಿ, ಅಂಗೈಯಲ್ಲಿ ಹಿಡಿಯುವ ಸ್ಟಿಕ್ಕಿನಲ್ಲಿ ಸಾಲಾಗಿ ಜೋಡಿಸಿ, ಕಾಲಲ್ಲಿ ತುಳಿಯುವ ಟ್ರೆಡಲ್ ಮಷೀನಿನಲ್ಲಿ ಅಚ್ಚು ಹಾಕುತ್ತಿದ್ದರು. ನನ್ನ ಕೆಲಸ ಮೂರು: ಪ್ರೂಫ್ ನೋಡುವುದು, ಕೆಲಸ ಮುಗಿದ ಮೊಳೆಗಳನ್ನು ಅವುಗಳ ಮನೆಗೆ ಹಾಕುವುದು, ಸೋಮವಾರ ಸೋಮವಾರ ಕೆಟ್ಟ ಹಾಳೆಗಳನ್ನೆಲ್ಲ ಕಟ್ಟು ಕಟ್ಟಿ ಇಡ್ಲಿ ಅಕ್ಕನಿಗೆ ಕೊಡುವುದು.

ಇಡ್ಲಿ ಅಕ್ಕನದು ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ತಗಡಿನ ಶೀಟು ಹೊದಿಸಿದ ಹೋಟೆಲು. ಬೆಳಿಗ್ಗೆ ಇಡ್ಲಿ, ಸಂಜೆ ಬೋಂಡ. ಓದು ಬರಹ ಇಲ್ಲ. ನಾವು ಕೊಟ್ಟ ಹಾಳೆಯಲ್ಲಿ ಆಕೆ ಬೋಂಡ ಕಟ್ಟುತ್ತಿದ್ದಳು. ಸಂಜೆ ಪ್ರೆಸ್ಸಿಗೆ ನಾಲ್ಕು ಬಿಸಿ ಬೋಂಡ ಬರುತ್ತಿತ್ತು. ಅದು ವ್ಯಾಪಾರವೋ ದಾನವೋ ಎಂದು ನಾನೊಮ್ಮೆ ಚರ್ಚೆ ಎತ್ತಿದಾಗ ಚಿಕ್ಕಪ್ಪ, 'ಮೊದ್ಲು ತಿನ್ನು, ಆರೋಗುತ್ತೆ' ಎಂದಿದ್ದರು.

ಆಕೆಗೆ ಒಬ್ಬಳೇ ಮಗಳು. ಬಾಗೂರಿಗೆ ಕೊಟ್ಟಿತ್ತು. ಎರಡು ಬಸಿರು ನಿಲ್ಲದೆ ಹೋಗಿ ಈಗ ಮೂರನೆಯದು, ಎಂಟನೇ ತಿಂಗಳು. ಮಂಚದಿಂದ ಇಳಿಯಬಾರದು ಎಂದು ಡಾಕ್ಟರು ಹೇಳಿ ಹಾಸನದ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಜೊತೆಗೆ ಅವಳ ಅತ್ತೆ ಇದ್ದರು. ಇಡ್ಲಿ ಅಕ್ಕ ಒಲೆ ಬಿಟ್ಟು ಹೋಗುವಂತಿರಲಿಲ್ಲ. ದಿನಾ ಬೆಳಿಗ್ಗೆ ಗಂಜಿ, ಸೊಪ್ಪಿನ ಸಾರು ಮಾಡಿ ಕ್ಯಾರಿಯರಿಗೆ ತುಂಬಿ ಹಾಸನದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದಳು. ಅವನು ಆಸ್ಪತ್ರೆಗೆ ಮುಟ್ಟಿಸಿ, ಸಂಜೆ ಖಾಲಿ ಕ್ಯಾರಿಯರನ್ನೂ ಸುದ್ದಿಯನ್ನೂ ತರುತ್ತಿದ್ದ.

ಇಷ್ಟು ಗೊತ್ತಿದ್ದೇ ನಾನು ಮಾಡಿದ ಕೆಲಸ ಹೇಳುತ್ತೇನೆ.

ಒಂದು ಶನಿವಾರ ಅರಕಲಗೂಡು ಕಡೆಯ ಒಬ್ಬರು ಪ್ರೆಸ್ಸಿಗೆ ಬಂದರು. ಬಿಳಿ ಪಂಚೆ, ಹಣೆಯ ತುಂಬ ವಿಭೂತಿ. ಕೈಯಲ್ಲಿ ಒಂದು ಕರಪತ್ರ. ಆ ಕಾಲದಲ್ಲಿ ಅಂಥವು ಊರೂರು ತಿರುಗುತ್ತಿದ್ದವು. ಯಾವುದೋ ಬೆಟ್ಟದ ಗುಡಿಯಲ್ಲಿ ಪೂಜಾರಿಯ ಮುಂದೆ ಹಾವೊಂದು ಬಂದು ಮನುಷ್ಯರ ಮಾತಾಡಿತಂತೆ. ಈ ಮಹಿಮೆಯನ್ನು ಸಾವಿರ ಪ್ರತಿ ಅಚ್ಚು ಹಾಕಿಸಿ ಒಂಬತ್ತು ದಿನದೊಳಗೆ ಹಂಚಬೇಕು. ಹಂಚಿದವರಿಗೆ ಇಂತಿಂಥ ಭಾಗ್ಯ ಬಂತು. ಉದಾಸೀನ ಮಾಡಿದವರ, ಹರಿದವರ ಮನೆಯಲ್ಲಿ ಕೇಡಾಯಿತು, ಒಬ್ಬನ ಮಗ ಹೋದ, ಒಬ್ಬನ ಎತ್ತುಗಳು ಸತ್ತವು.

ಚಿಕ್ಕಪ್ಪ ಓದಿ, ಕನ್ನಡಕ ಹಣೆಗೆ ಏರಿಸಿ, 'ಮೇಲ್ಗಡೆ ದೇವ್ರುದು ಹಾಕ್ಕೊಡ್ತೀನಿ ಸ್ವಾಮಿ. ಕೆಳಗಡೆ ಹೆದರ್ಸೋ ಸಾಲು ನಮ್ಮ ಪ್ರೆಸ್ಸಲ್ಲಿ ಜೋಡ್ಸಲ್ಲ' ಎಂದರು.

'ಅದಿಲ್ದಿದ್ರೆ ಯಾರ್ರೀ ಹಂಚ್ತಾರೆ?'

'ಅದ್ಕೇ ಜೋಡ್ಸಲ್ಲ ಅಂದಿದ್ದು.'

ಅವರು ಕೆಂಪಗಾಗಿ ಎದ್ದು ಹೋದರು. ಕರಪತ್ರ ಮೇಜಿನ ಮೇಲೇ ಉಳಿಯಿತು.

ಚಿಕ್ಕಪ್ಪನ ಈ ನಿಯಮಕ್ಕೆ ಕಾರಣ ವಿಚಾರವಾದವಲ್ಲ, ಅಜ್ಜಿ. ಹಿಂದೊಮ್ಮೆ ಇಂಥದ್ದೇ ಕರಪತ್ರವನ್ನು ಅವರು ಪೂರ್ತಿ ಹಾಕಿಕೊಟ್ಟಿದ್ದರಂತೆ. ವಾರ ಕಳೆದ ಮೇಲೆ ಅಜ್ಜಿ ದೇವಸ್ಥಾನದಿಂದ ಬೆವರುತ್ತಾ ಬಂದು, 'ಯಾರೋ ಕೈಗೆ ಕೊಟ್ಟುಬಿಟ್ರು ಕಣೋ, ಬೇಗ ಸಾವಿರ ಹಾಕ್ಕೊಡು, ನಿನ್ಗೇನಾದ್ರೂ ಆದ್ರೆ' ಎಂದು ಅದನ್ನು ಚಾಚಿದರಂತೆ. ಕಾಗದದ ಬುಡದಲ್ಲಿ ಚಿಕ್ಕಪ್ಪನದೇ ಪ್ರೆಸ್ಸಿನ ಹೆಸರು. ತಾನು ಜೋಡಿಸಿದ ಮೊಳೆ ತನ್ನ ತಾಯಿಯನ್ನೇ ಹೆದರಿಸಿದ ಮೇಲೆ ಅವರು ಆ ಸಾಲುಗಳನ್ನು ಮುಟ್ಟಲಿಲ್ಲ. ಅಜ್ಜಿಗೆ ಮಾತ್ರ 'ಸಾವಿರ ಹಾಕ್ದೆ, ಹಂಚಿದ್ದೂ ಆಯ್ತು' ಎಂದು ಸುಳ್ಳು ಹೇಳಿ ಊಟಕ್ಕೆ ಎಬ್ಬಿಸಿದರಂತೆ.

ಅರಕಲಗೂಡಿನವರ ಕರಪತ್ರವನ್ನು ನಾನು ಎತ್ತಿಕೊಂಡು, ಮಾತಾಡುವ ಹಾವಿಗೆ ಸಾವಿರದವರೆಗೆ ಎಣಿಸಲು ಯಾವ ಶಾಲೆಯಲ್ಲಿ ಕಲಿಸಿದರು ಎಂದು ನಗಾಡಿ, ಕೆಟ್ಟ ಹಾಳೆಗಳ ರಾಶಿಗೆ ಎಸೆದೆ. ಸೋಮವಾರ ಆ ರಾಶಿಯನ್ನು ಕಟ್ಟಿ ಇಡ್ಲಿ ಅಕ್ಕನ ಕೈಗೆ ಕೊಟ್ಟೆ.

ಶುಕ್ರವಾರ ಮಧ್ಯಾಹ್ನ ಆಕೆ ಪ್ರೆಸ್ಸಿಗೆ ಬಂದಳು. ಒಲೆ ಹತ್ತಿಸುವ ಹೊತ್ತಿನಲ್ಲಿ ಆಕೆ ಹೋಟೆಲು ಬಿಟ್ಟು ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸೆರಗಿನ ಒಳಗಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಇಟ್ಟಳು. ಎರಡು ಹೋಳಾಗಿದ್ದನ್ನು ಅನ್ನದ ಅಗುಳಿನಿಂದ ಅಂಟಿಸಿ ಒಂದು ಮಾಡಿದ್ದಳು. ಮಧ್ಯೆ ಎಣ್ಣೆಯ ಕಲೆ. ಅದೇ ಹಾವು.

'ಸಾ, ಇದ್ನ ಸಾವ್ರ ಆಕ್ಕೊಡ್ಬೇಕು. ಇನ್ನು ಐದೇ ದಿನ ಇರೋದು' ಎಂದಳು ಚಿಕ್ಕಪ್ಪನಿಗೆ.

ನಡೆದದ್ದು ಇಷ್ಟು. ಮಂಗಳವಾರ ಸಂಜೆ ಹಾಸನದಿಂದ ಬಂದ ಕಂಡಕ್ಟರ್ ಬೋಂಡ ಕಟ್ಟಿಸಿಕೊಂಡಿದ್ದ. ದೊಡ್ಡ ಹಾಳೆ ಒಬ್ಬನಿಗೆ ದಂಡ ಎಂದು ಆಕೆ ಅದನ್ನು ಹರಿದು ಅರ್ಧದಲ್ಲಿ ಅವನಿಗೆ, ಇನ್ನರ್ಧದಲ್ಲಿ ಡ್ರೈವರಿಗೆ ಕಟ್ಟಿದ್ದಳು. ಕಂಡಕ್ಟರಿಗೆ ಕಾಗದ ಓದದೆ ಬೋಂಡ ಇಳಿಯುವುದಿಲ್ಲ. ಅವನ ಅರ್ಧದಲ್ಲಿ ಇದ್ದದ್ದು ಕೆಳಗಿನ ಸಾಲುಗಳು. ಗಟ್ಟಿಯಾಗಿ ಓದಿದ್ದಾನೆ. 'ಅರಿದವ್ರಿಗೆ' ಎಂಬ ಮಾತು ಬಂದಾಗ ಆಕೆ ಜಾಲರಿ ಸೌಟು ಬಿಟ್ಟು ಓಡಿ ಹೋಗಿ ಡ್ರೈವರನ ಕೈಯಿಂದ ಇನ್ನರ್ಧ ಕಿತ್ತುಕೊಂಡಿದ್ದಾಳೆ. ಮೂರು ದಿನ ತಡೆದುಕೊಂಡು ನೋಡಿದ್ದಾಳೆ. ಆಗಿಲ್ಲ.

ನನಗೆ ಇದಕ್ಕಿಂತ ಒಳ್ಳೆಯ ವಿಷಯ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ. ಸ್ಟೂಲು ಎಳೆದು ಕೊಟ್ಟು ಶುರು ಮಾಡಿದೆ.

'ಅಕ್ಕಾ, ನೀವು ಹರಿದದ್ದು ಆ ಹಾವಿಗೆ ಹೇಗೆ ಗೊತ್ತಾಗುತ್ತೆ?'

'ದ್ಯಾವ್ರಿಗೆ ಗೊತ್ತಾಗ್ದೆ ಇನ್ಯಾರಿಗ್ ಗೊತ್ತಾದದವ್ವ?'

'ಸರಿ, ದೇವರಿಗೆ ಗೊತ್ತು. ಹಾಗಾದ್ರೆ ನಿಮಗೆ ಓದಕ್ಕೆ ಬರಲ್ಲ ಅಂತಾನೂ ಗೊತ್ತಿರಬೇಕಲ್ಲ? ಓದಕ್ಕೆ ಬರದೋರು ತಿಳೀದೆ ಹರಿದ್ರೆ ತಪ್ಪು ಹಿಡಿಯೋ ದೇವರು ಎಂಥಾ ದೇವರು?'

ಆಕೆ ಯೋಚಿಸಿದಳು. 'ಅದು ದಿಟ' ಎಂದಳು.

'ಸಾವಿರ ಕಾಗದ ಹಾಕ್ಸಿದ್ರೆ ಲಾಭ ಯಾರಿಗೆ? ಪ್ರೆಸ್ಸಿಗೆ. ಮೊದಲ್ನೇದು ಬರ್ದೋನೇ ಯಾವನೋ ಪ್ರೆಸ್ಸಿನೋನು ಇರಬೇಕು.'

ಚಿಕ್ಕಪ್ಪ ಕೆಮ್ಮಿದರು.

'ಅದೂ ಇದ್ದಾತು' ಎಂದಳು ಆಕೆ.

'ಇನ್ನೂ ಒಂದಿದೆ. ಈ ಕಾಗದ ನಿಮ್ಮ ಹತ್ರ ಬಂದದ್ದು ಯಾವ ಮಹಿಮೆಯಿಂದಾನೂ ಅಲ್ಲ. ನಾನೇ ಬೇಡ ಅಂತ ರದ್ದಿಗೆ ಎಸೆದದ್ದು. ನಾನೇ ಕಟ್ಟಿ ಕೊಟ್ಟದ್ದು.'

ಇದು ನನ್ನ ಕೊನೆಯ ಅಸ್ತ್ರ. ಜೊತೆಗೆ ತಪ್ಪೊಪ್ಪಿಗೆ ಕೂಡ, ಆದರೆ ಅದನ್ನು ಅಸ್ತ್ರದ ಹಾಗೇ ಬೀಸಿದೆ. ಆಕೆ ಕಣ್ಣರಳಿಸಿದಳು.

'ನಿನ್ ಕೈಲಾ? ಇಷ್ಟ್ ಓದ್ಕಂಡಿರೋ ಮಗ ನೀನು, ನಿನ್ ಕೈಲೇ ಕಳ್ಸವ್ನೆ ಅಂದ್ರೆ ಸುಮ್ಕಲ್ಲ ಕಣವ್ವ ಇದು.'

ಚಿಕ್ಕಪ್ಪ ನಗು ತಡೆಯಲು ಮಷೀನಿನ ಹಿಂದಕ್ಕೆ ಹೋದರು. ನಾನು ಬಿಡಲಿಲ್ಲ. ಇನ್ನೂ ಹತ್ತು ನಿಮಿಷ ವಾದಿಸಿದೆ. ಒಂದೊಂದಕ್ಕೂ ಆಕೆ ಅದೂ ಸರಿ, ಇದೂ ಸರಿ ಎಂದು ತಲೆ ಆಡಿಸಿದಳು. ಕೊನೆಗೆ ಮೊಣಕಾಲ ಮೇಲೆ ಕೈ ಊರಿ ಎದ್ದಳು.

'ನೀನ್ ಗೆದ್ದೆ ಕಣವ್ವ, ನಾನ್ ಸೋತೆ. ಈಗ ಆಕ್ಕೊಡಿ ಸಾ.'

ಅಲ್ಲಿಯವರೆಗೆ ನಾನು ಗೆದ್ದದ್ದೆಲ್ಲ ತೀರ್ಪುಗಾರರ ಮುಂದೆ. ಒಪ್ಪಿಕೊಂಡ ಎದುರಾಳಿ ಇಟ್ಟ ಹೆಜ್ಜೆ ಬದಲಿಸದೇ ಇರಬಹುದು ಎಂದು ಯಾವ ಸ್ಪರ್ಧೆಯಲ್ಲೂ ಕಲಿಸಿರಲಿಲ್ಲ.

ಚಿಕ್ಕಪ್ಪ ತಮ್ಮ ನಿಯಮ ಹೇಳಿದರು. ಮೇಲಿನ ಅರ್ಧ ಹಾಕಿಕೊಡುತ್ತೇನೆ, ದುಡ್ಡು ಬೇಡ, ಕೆಳಗಿನ ಅರ್ಧ ಆಗುವುದಿಲ್ಲ. ಆಕೆಯ ಮುಖ ಕಳೆಗುಂದಿತು.

'ಕೆಳಗ್ಲುದೇ ಅಲ್ವಾ ಸಾ ಮುಖ್ಯ? ಅದ್ನ ಬುಟ್ಬುಟ್ರೆ ಮ್ವಾಸ ಮಾಡ್ದಂಗಾಯ್ತದೆ.'

'ನಾನು ಹಾಕಲ್ಲಮ್ಮ.'

'ಅಂಗಾರೆ ಚನ್ರಾಯಪಟ್ನಕ್ ಓಯ್ತೀನಿ. ಅಲ್ಲಿ ಯಾರಾನ ಆಕ್ಕೊಟ್ಟಾರು. ಇಲ್ದಿದ್ರೆ ಆಸ್ನಕ್ಕೇ ಓಯ್ತೀನಿ. ಎರಡ್ ಬಸ್ರು ಓದ್ವು ಸಾ. ಅವಾಗ ಏನ್ ಬುಟ್ಟಿದ್ನೋ, ಏನ್ ಮರ್ತಿದ್ನೋ ನಂಗೊತ್ತಿಲ್ಲ. ಈಗ ಗೊತ್ತಾಗೈತೆ. ಗೊತ್ತಿದ್ದೂ ಸುಮ್ಕಿದ್ದೆ ಅಂತ ಆಗ್ಬಾರ್ದು.'

ಚಿಕ್ಕಪ್ಪ ಪ್ರೂಫಿನ ಕಾಗದಗಳನ್ನು ಸುಮ್ಮನೆ ಸರಿಪಡಿಸುತ್ತಾ ನಿಂತರು. ನಿಯಮ ಮುರಿಯಲಿಕ್ಕೂ ಮನಸ್ಸಿಲ್ಲ, ಆಕೆಯನ್ನು ಅಂಥ ಮುಖದಲ್ಲಿ ಕಳಿಸಲಿಕ್ಕೂ ಮನಸ್ಸಿಲ್ಲ.

ಆಗ ನನಗೆ ಹೊಳೆಯಿತು. ಹೊಳೆದದ್ದು ಬಹಳ ಜಾಣತನದ್ದು ಎಂದು ಆ ಗಳಿಗೆಯಲ್ಲಿ ಅನ್ನಿಸಿತು.

'ಅಕ್ಕಾ, ಕೇಡು ಯಾರಿಗೆ ಬರಬೇಕು ಅನ್ನೋದು ಕಾಗದದಲ್ಲಿ ಬರೆದಂಗೆ ತಾನೇ? ಬರೆಯೋರು ನಾವೇ ಆದ್ರೆ ಬೇರೆ ಥರ ಬರಿಯೋಣ. ಈ ಕಾಗದ ಹರಿದವರ, ಬಿಸಾಡಿದವರ, ಅಚ್ಚು ಹಾಕಿಸದೆ ಬಿಟ್ಟವರ ಕೇಡೆಲ್ಲ ನನಗೇ ಬರಲಿ ಅಂತ ಹಾಕಿ ನನ್ನ ಹೆಸರು ಹಾಕೋಣ. ನಿಮ್ಮದೂ ಸೇರಿ. ಅಲ್ಲಿಗೆ ನಿಮ್ಮ ಮಗಳಿಗೆ ಏನೂ ಇಲ್ಲ. ನನಗೆ ನಂಬಿಕೆ ಇಲ್ಲ, ನನಗೂ ಏನೂ ಆಗಲ್ಲ.'

ಆಕೆ ನನ್ನ ಮುಖ ನೋಡಿದಳು, ಚಿಕ್ಕಪ್ಪನ ಮುಖ ನೋಡಿದಳು. 'ಅಂಗೂ ಆಕ್ಬೋದಾ?'

'ಯಾಕಾಗಲ್ಲ? ಕೆಳಗಡೆ ಸಾಲು ಇರುತ್ತೆ, ಮೋಸ ಇಲ್ಲ.'

ಚಿಕ್ಕಪ್ಪ ಹೌದು ಅನ್ನಲಿಲ್ಲ, ಬೇಡ ಅನ್ನಲಿಲ್ಲ. 'ಲೇ, ಅಷ್ಟು ಧೈರ್ಯ ಇದ್ರೆ ನೀನೇ ಜೋಡ್ಸು. ನಾನಂತೂ ಮುಟ್ಟಲ್ಲ' ಎಂದು ಸ್ಟಿಕ್ಕು ಕೈಗೆ ಕೊಟ್ಟರು.

ಮೊಳೆ ಇಟ್ಟ ಖಾನೆಗಳ ಮುಂದೆ ನಿಂತು ಜೋಡಿಸಲು ಶುರು ಮಾಡಿದೆ. ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ, ನಿಧಾನವಾಗಿ ಮಾಡಬೇಕು. ಹರಿದವರ. ಬಿಸಾಡಿದವರ. ಕೇಡೆಲ್ಲ. ಆಕೆ ಹಿಂದೆ ನಿಂತು, ಓದಲು ಬರದಿದ್ದರೂ ಪ್ರತಿ ಮೊಳೆಯನ್ನೂ ನೋಡುತ್ತಿದ್ದಳು. 'ನನಗೇ ಬರಲಿ' ಎಂಬುದೂ ಕೂತಿತು. ನನ್ನ ಹೆಸರಿನ ಮೊದಲ ಅಕ್ಷರಕ್ಕೆ ಕೈ ಹೋಯಿತು.

ಅಲ್ಲಿ ನಿಂತಿತು.

ನನಗೆ ನನ್ನ ಬಗ್ಗೆ ಭಯ ಆಗಲಿಲ್ಲ, ಇದನ್ನು ಪ್ರಮಾಣ ಮಾಡಿ ಹೇಳಬಲ್ಲೆ. ನನಗೆ ನೆನಪಾದದ್ದು ಹಳೇಕೋಟೆಯ ಬಸ್ಸು. ಅಮ್ಮ ಸಂಜೆ ಬರುವ ಬಸ್ಸು. ಅದು ತುಂಬಿ ಬಾಗಿಕೊಂಡು ಬರುತ್ತಿತ್ತು, ಅಮ್ಮ ಎಷ್ಟೋ ದಿನ ಬಾಗಿಲ ಮೆಟ್ಟಿಲ ಮೇಲೇ ನಿಂತು ಬರುತ್ತಿದ್ದಳು. ಕೇಡು ನನಗೇ ಬರಲಿ ಎಂದು ಬರೆದರೆ, ಅದು ನನಗೆ ಯಾವ ರೂಪದಲ್ಲಿ ಬರುತ್ತದೆ ಎಂದು ಬರೆದಿಲ್ಲವಲ್ಲ? ನಂಬಿಕೆ ಇಲ್ಲದವಳ ತಲೆಯಲ್ಲಿ ಈ ಪ್ರಶ್ನೆ ಹೇಗೆ ಬಂತೋ ತಿಳಿಯದು. ಇದು ಅಸಂಬದ್ಧ ಎಂದು ನನಗೆ ನಾನೇ ಹೇಳಿಕೊಂಡೆ. ಒಪ್ಪಿಯೂ ಕೊಂಡೆ. ಕೈ ಮಾತ್ರ ಮುಂದೆ ಹೋಗಲಿಲ್ಲ.

'ಯಾಕವ್ವ ಕೈ ನಿಂತ್ಕತು?' ಎಂದಳು ಇಡ್ಲಿ ಅಕ್ಕ.

'ಏನಿಲ್ಲ. ಮೊಳೆ ಹುಡುಕ್ತಿದೀನಿ.'

ಆ ಮೊಳೆ ನನ್ನ ಬೆರಳಿನ ಕೆಳಗೇ ಇತ್ತು. ಚಿಕ್ಕಪ್ಪನಿಗೆ ಅದು ಗೊತ್ತು; ಅವರು ಕಿಟಕಿಯ ಕಡೆ ತಿರುಗಿಕೊಂಡರು. ಆಕೆಗೆ ಮೊಳೆ ಗೊತ್ತಿಲ್ಲ, ಮುಖ ಗೊತ್ತು. ಮೆಲ್ಲಗೆ ನನ್ನ ಕೈಯಿಂದ ಸ್ಟಿಕ್ಕು ಬಿಡಿಸಿದಳು. ಬಿಸಿ ಎಣ್ಣೆ ಸಿಡಿದು ಸಿಡಿದು ಚುಕ್ಕೆ ಬಿದ್ದ ಕೈ.

'ಬುಡು ಮಗ, ಬ್ಯಾಡ. ಎಣ್ ಮಗೀನ್ ಮ್ಯಾಲೆ ಆಕಕಾಯ್ತದಾ ಇಂತಾದ್ನ? ನಿಮ್ಮವ್ವ ನಂಗೇನಂದಾಳು?'

'ಅಲ್ಲಕ್ಕಾ, ನನಗೆ ಏನೂ ಆಗಲ್ಲ...'

'ಆಗಕಿಲ್ಲ, ನಾನೂ ಅದ್ನೇ ಏಳೋದು. ಆದ್ರೂ ಬ್ಯಾಡ.'

ಸ್ಟೂಲಿನ ಮೇಲೆ ಕೂತಳು. ಮೇಜಿನ ಮೇಲಿದ್ದ ಅಂಟಿಸಿದ ಕಾಗದವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಯಾರಿಗೂ ಅಲ್ಲ ಎನ್ನುವ ಹಾಗೆ ಹೇಳಿದಳು:

'ನಿನ್ ಒಬ್ಳು ಮ್ಯಾಲೆ ಆಕಕ್ಕೇ ಕೈ ಬರ್ನಿಲ್ಲ. ನಾನು ಸಾವ್ರ ಮನೆಗ್ ಆಕಕ್ಕೆ ಒಂಟಿದ್ನಲ್ಲ. ಅಲ್ಲೂ ಬಸ್ರೀರು ಇರ್ತಾರೆ, ಬಾಣ್ತೀರು ಇರ್ತಾರೆ. ಓದಕ್ ಬರ್ದೆ ಅರ್ಯೋರೂ ಇರ್ತಾರೆ.'

ನಾನು ಹತ್ತು ನಿಮಿಷ ಹೇಳಿದ್ದರಲ್ಲಿ ಈ ಮಾತು ಇರಲಿಲ್ಲ. ಎಲ್ಲ ಬಗೆಯ ತರ್ಕ ಇತ್ತು, ಸಾವಿರ ಮನೆ ಇರಲಿಲ್ಲ.

'ಹಂಗಾದ್ರೆ ಏನ್ಮಾಡೋಣಮ್ಮ?' ಎಂದರು ಚಿಕ್ಕಪ್ಪ.

'ಏನೂ ಮಾಡದ್ ಬ್ಯಾಡ ಸಾ. ಎದರ್ಕಂಡಿರ್ತೀನಿ, ಒಬ್ಳೇ ತಾನೆ.'

ಕಾಗದವನ್ನು ಅಲ್ಲೇ ಬಿಟ್ಟು ಹೋದಳು. ನಾನು ಜೋಡಿಸಿದ್ದ ಸಾಲನ್ನು ಚಿಕ್ಕಪ್ಪ ಬಿಚ್ಚಿ, ಒಂದೊಂದು ಮೊಳೆಯನ್ನೂ ಅದರದರ ಖಾನೆಗೆ ತಾವೇ ಹಾಕಿದರು. ಅದು ನನ್ನ ಕೆಲಸ. ಆ ದಿನ ನನಗೆ ಹೇಳಲಿಲ್ಲ.

ಉಳಿದ ದಿನಗಳಲ್ಲಿ ನಾನು ಬೆಳಿಗ್ಗೆ ಎದ್ದ ಕೂಡಲೇ ಇಡ್ಲಿ ತರುವ ನೆಪದಲ್ಲಿ ಬಸ್ ಸ್ಟ್ಯಾಂಡಿನ ಕಡೆ ಹೋಗುತ್ತಿದ್ದೆ. ಮನೆಯಲ್ಲಿ ದೋಸೆ ಮಾಡಿದ ದಿನವೂ ಹೋದೆ. ಆಕೆ ಕ್ಯಾರಿಯರು ತುಂಬಿ ಕೊಡುವುದನ್ನು ನೋಡುತ್ತಿದ್ದೆ. ಸಂಜೆ ಕಂಡಕ್ಟರ್ ಇಳಿದು 'ಉಷಾರಾಗವ್ಳೆ ಕಣಕ್ಕ' ಎನ್ನುವವರೆಗೆ ಅಲ್ಲೇ ಸುತ್ತಾಡುತ್ತಿದ್ದೆ. ಕಂಡಕ್ಟರನೂ ತಾನು ಓದಿದ್ದಕ್ಕೆ ಬಹಳ ನೊಂದುಕೊಂಡಿದ್ದ. ಇನ್ನು ಬೋಂಡದ ಕಾಗದ ಓದುವುದಿಲ್ಲ ಎಂದು ಆಣೆ ಇಟ್ಟಿದ್ದ. ಮಾರನೆಯ ದಿನವೇ ಒಂದು ಮದುವೆಯ ಪತ್ರಿಕೆ ಓದುತ್ತಿದ್ದುದನ್ನು ನಾನು ಕಂಡೆ.

ಒಂಬತ್ತನೆಯ ದಿನ ಆಕೆ ಹೋಟೆಲಿಗೆ ಬೀಗ ಹಾಕಿದಳು. ಕ್ಯಾರಿಯರನ್ನು ತಾನೇ ಹಿಡಿದು ಹಾಸನದ ಬಸ್ಸು ಹತ್ತಿದಳು. ನಾನೂ ಹತ್ತಿದೆ. 'ನೀನ್ಯಾಕವ್ವ?' ಎಂದಳು. ಲೈಬ್ರರಿಗೆ ಹೋಗಬೇಕು ಎಂದೆ. ಆಕೆ ಜಾಗ ಬಿಟ್ಟು ಕೊಟ್ಟಳು. ದಾರಿಯುದ್ದಕ್ಕೂ ಆಕೆಗೆ ಹೇಳಲು ನಾನು ಒಳ್ಳೊಳ್ಳೆಯ ಮಾತು ಕೂಡಿಸಿಕೊಂಡೆ, ಒಂದನ್ನೂ ಹೇಳಲಿಲ್ಲ. ಆಕೆ ಕ್ಯಾರಿಯರಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಆಚೆ ನೋಡುತ್ತಿದ್ದಳು.

ಮಗಳು ಗೋಡೆ ಕಡೆಯ ಮಂಚದಲ್ಲಿ ಎಡಮಗ್ಗುಲಾಗಿ ಮಲಗಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು ಅಷ್ಟೆ. 'ಯಾಕವ್ವ ಬಂದ್ಬುಟ್ಟೆ? ಓಟ್ಲು?' ಎಂದಳು.

'ಗ್ಯಾಸ್ ಮುಗ್ದದೆ.'

'ನಿಂದು ಸೌದೆ ಒಲೆ ಅಲ್ವಾ?'

'ಸೌದೇನೂ ಮುಗ್ದದೆ. ಉಣ್ಣು.'

ಮಗಳಿಗೆ ಆಕೆ ಏನೂ ಹೇಳಿರಲಿಲ್ಲ, ಹೇಳಲೂ ಇಲ್ಲ. ಮಗಳು ಗಂಜಿ ಕುಡಿದಳು. ಸೊಪ್ಪಿನ ಸಾರಿಗೆ ಉಪ್ಪು ಕಡಿಮೆ ಎಂದಳು. ಮಧ್ಯಾಹ್ನ ನಿದ್ದೆ ಮಾಡಿದಳು. ನರ್ಸ್ ಬಂದು ಹೊಟ್ಟೆ ಮುಟ್ಟಿ ನೋಡಿ, ಚೀಟಿಯಲ್ಲಿ ಏನೋ ಬರೆದು ಹೋದರು. ಆ ಚೀಟಿಯನ್ನು ಇಡ್ಲಿ ಅಕ್ಕ ನನ್ನ ಕೈಗೆ ಕೊಟ್ಟು 'ಏನೈತೆ ಓದು' ಎಂದಳು. ಅಚ್ಚಾದ ಗೆರೆಗಳ ಮೇಲೆ ಎರಡು ಅಂಕಿ, ಒಂದು ಸಹಿ. 'ಎಲ್ಲಾ ಸರಿ ಇದೆ ಅಂತ ಇದೆ' ಎಂದೆ. ಹಾಗೆಂದು ಅದರಲ್ಲಿ ಇರಲಿಲ್ಲ. ಸಂಜೆಯ ಬಿಸಿಲು ಮಂಚದ ಕಾಲಿನವರೆಗೆ ಬಂದು ಹಿಂದಕ್ಕೆ ಸರಿಯಿತು. ಏನೂ ಆಗದ ಒಂದು ದಿನವನ್ನು ಅಷ್ಟು ಗಮನವಿಟ್ಟು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಆಕೆ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು.

ಮೂರು ವಾರದ ಮೇಲೆ ಹೆರಿಗೆ ಆಯಿತು. ಹೆಣ್ಣು ಮಗು. ತೂಕ ಕಡಿಮೆ ಎಂದು ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರಂತೆ, ಆಮೇಲೆ ತಾಯಿಯ ಪಕ್ಕಕ್ಕೆ ತಂದು ಮಲಗಿಸಿದರಂತೆ. ಸುದ್ದಿ ಬಂದ ಮಾರನೆಯ ದಿನ ನಾನು ಹೋಟೆಲಿಗೆ ಹೋದಾಗ ಆಕೆ ಬಂದವರಿಗೆಲ್ಲ ಇಡ್ಲಿಯ ಜೊತೆ ಚೂರು ಬೆಲ್ಲ ಕೊಡುತ್ತಿದ್ದಳು.

ಚರ್ಚೆಯವಳ ಚಟ ಎಲ್ಲಿ ಬಿಡುತ್ತದೆ? ಖುಷಿಯ ನಡುವೆಯೂ ನನ್ನೊಳಗೆ ಒಂದು ಕೊರೆಯುತ್ತಿತ್ತು. ಮಗು ಉಳಿದದ್ದರಿಂದ ಕರಪತ್ರ ಸುಳ್ಳಾಯಿತು ಎಂದು ಹೇಳುವುದು ನ್ಯಾಯವಲ್ಲ. ಮಗು ಉಳಿಯದಿದ್ದರೆ ಕರಪತ್ರ ನಿಜವಾಗುತ್ತಿತ್ತೇ? ಇಲ್ಲ. ಹಾಗಾದರೆ ಇದರಿಂದ ಏನೂ ಸಾಬೀತಾಗಿಲ್ಲ. ಹೀಗೆ ನನ್ನ ಮನಸ್ಸಿಗೆ ಸ್ಪಷ್ಟವಾಗಿತ್ತು. ಆದರೆ ಆಕೆಯ ಮನಸ್ಸಿಗೆ? ಜನ ಸ್ವಲ್ಪ ಕಡಿಮೆಯಾದಾಗ ತಡೆಯಲಾರದೆ ಕೇಳಿಬಿಟ್ಟೆ.

'ಅಕ್ಕಾ, ಒಂದು ವೇಳೆ ಬೇರೆ ಥರ ಆಗಿದ್ದಿದ್ರೆ? ನನ್ನ ಬೈತಿದ್ರಾ? ಅವತ್ತು ಹಾಕ್ಸಿದ್ರೆ ಚೆನ್ನಾಗಿತ್ತು ಅಂತಿದ್ರಾ?'

ಒಂದು ಕೈಯಲ್ಲಿ ಇಡ್ಲಿ ತಟ್ಟೆ, ಇನ್ನೊಂದರಲ್ಲಿ ಚಟ್ನಿ ಸೌಟು. ಆಕೆ ನನ್ನ ಮುಖವನ್ನೇ ನೋಡಿದಳು. ಶುಭದ ದಿನ ಇಂಥ ಮಾತು ಎತ್ತಿದ್ದಕ್ಕೆ ಬೈಗುಳ ಬೀಳುತ್ತದೆ ಎಂದುಕೊಂಡೆ.

'ಬೇರೆ ತರ ಆಗಿದ್ರೆ ನಾನು ಅಳ್ತಿದ್ದೆ' ಎಂದಳು. 'ನೀನೂ ಬಂದು ಪಕ್ಕದಲ್ ಕುಂತ್ಕಂಡು ಅಳ್ತಿದ್ದೆ. ಇನ್ನೇನ್ ಮಾಡಕಾಯ್ತಿತ್ತವ್ವ?'

ಹಬೆಯಾಡುವ ಎರಡು ಇಡ್ಲಿ ತಟ್ಟೆಗೆ ಬಿದ್ದವು, ಮೇಲೆ ಚಟ್ನಿ, ಬದಿಯಲ್ಲಿ ಬೆಲ್ಲ.

'ಅದ್ಕೂ ವಾದ ಮಾಡೀಯಾ?' ಎಂದಳು.

ಮಾಡಲಿಲ್ಲ.